ಬಂದೂಕು ಕಲಿಸೋಕೆ ಮೇ ತಿಂಗಳ ಮಧ್ಯಾಹ್ನವೇ ಬೇಕಾ?

ಏಪ್ರಿಲ್, ಮೇ ಬಂತೆಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಯಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಶುರು, ಮಧ್ಯಾಹ್ನ 1.30ಕ್ಕೆ ಬಂದ್. ಫ್ಯಾನಿನ ಕೆಳಗೆ ಕೂತು ಪಹಣಿ ತಿದ್ದುವವರಿಗೂ ಈ ಬಿಸಿಲು ತಡೆಯೋಕಾಗಲ್ಲ ಅಂತ ಸರ್ಕಾರವೇ ಒಪ್ಪಿಕೊಂಡ ಹಾಗೆ. ಸರಿಯಾದ ಕೆಲಸವೇ, ನನ್ನದೇನೂ ತಕರಾರಿಲ್ಲ.

ತಕರಾರು ಇರೋದು ಬೇರೆ ಕಡೆ. ಇದೇ ಸೀಮೆಯಲ್ಲಿ, ಇದೇ ತಿಂಗಳಲ್ಲಿ ಶನಿವಾರ-ಭಾನುವಾರದ ಬಂದೂಕು ತರಬೇತಿ ಶಿಬಿರಗಳಿಗೆ ವರದಿ ಮಾಡಲು ಹೋಗಿದ್ದೇನೆ. ಯಾವ ಊರು, ಯಾರು ನಡೆಸಿದ್ದು ಅನ್ನೋದು ಇಲ್ಲಿ ಬೇಡ, ಒಬ್ಬರ ಮೇಲಿನ ದೂರಲ್ಲ ಇದು. ಅಲ್ಲಿ ಮೊದಲ ಗುಂಡು ಹಾರಿದ್ದು ಬೆಳಿಗ್ಗೆ 11 ದಾಟಿದ ಮೇಲೆ. ಕೊನೆಯ ತಂಡ ಕಾದ ನೆಲದ ಮೇಲೆ ಮಲಗಿ ಗುರಿ ಇಟ್ಟದ್ದು ಮಧ್ಯಾಹ್ನ 3ರ ಸುಮಾರಿಗೆ. ಕಚೇರಿಯ ಸಾಹೇಬರು ಊಟ ಮಾಡಿ ಮಲಗಿರುವ ಹೊತ್ತಿಗೆ ಐವತ್ತೈದು ವರ್ಷದ ರೈತನ ಕೈಯಲ್ಲಿ ತುಂಬಿದ ರೈಫಲ್, ತಲೆಯ ಮೇಲೆ 42 ಡಿಗ್ರಿ.

ಇದನ್ನು ಬರೀ ಸೆಕೆಯ ವಿಷಯ ಅಂದುಕೊಂಡು ಬಿಡಬೇಡಿ. ಇದು ಬಂದೂಕಿನ ಸುರಕ್ಷತೆಯ ವಿಷಯ.

ಬಂದೂಕಿನ ಪಾಠದಲ್ಲಿ ಮೊದಲು ಹೇಳಿಕೊಡೋದು ಏನು? ಪ್ರತಿ ಬಂದೂಕನ್ನೂ ಗುಂಡು ತುಂಬಿದೆ ಅಂತಲೇ ತಿಳಿ. ನಳಿಗೆ ಯಾರ ಕಡೆಗೂ ತಿರುಗದಿರಲಿ. ಗುರಿ ಇಡುವ ತನಕ ಬೆರಳು ಟ್ರಿಗರ್ ಮೇಲೆ ಬೇಡ. ಗುರಿ ಯಾವುದು, ಅದರ ಹಿಂದೆ ಏನಿದೆ ನೋಡು. ಈ ನಾಲ್ಕನ್ನೂ ಕಾಯುವುದು ಎಚ್ಚರದಲ್ಲಿರುವ ತಲೆ. ಬಿಸಿಲು ಮೊದಲು ಕೆಡಿಸುವುದೂ ಅದೇ ತಲೆಯನ್ನ. ನೀರಡಿಕೆಯಾಗಿ ದೇಹ ಒಣಗಿದಾಗ ಎದೆಬಡಿತ ಏರುತ್ತದೆ, ಗಮನ ಚದುರುತ್ತದೆ, ಹೇಳಿದ ಮಾತು ಎರಡನೇ ಸಲ ಹೇಳಿದಾಗ ತಲೆಗೆ ಹೋಗುತ್ತದೆ. ಬಹಳ ಹೊತ್ತು ಬೋರಲು ಮಲಗಿದವನು ತಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಹಾಗೆ ಎದ್ದು ತೂಗಾಡುವವನ ಕೈಯಲ್ಲಿ ಬಂದೂಕು ಇದ್ದರೆ ನಳಿಗೆ ಯಾವ ಕಡೆ ಹೋಗುತ್ತದೆ, ನೀವೇ ಯೋಚಿಸಿ. ಬೆವರು ಕಣ್ಣಿಗಿಳಿದಾಗ ಒರೆಸಿಕೊಳ್ಳೋಕೆ ಕೈ ಎತ್ತುತ್ತಾನೆ. ಯಾವ ಕೈ? ಸಾಮಾನ್ಯವಾಗಿ ಬಲಗೈ, ಟ್ರಿಗರ್ ಹತ್ತಿರ ಇದ್ದ ಕೈಯೇ.

ಇನ್ನು ಕಲಿಕೆ ಅಂತೀರಾ? ಗುರಿ ಕಲಿಯೋದು ಅಂದರೆ ಉಸಿರು ಕಲಿಯೋದು. ಅರ್ಧ ಉಸಿರು ಬಿಟ್ಟು, ತಡೆದು, ಟ್ರಿಗರನ್ನು ಜಗ್ಗದೆ ನಿಧಾನಕ್ಕೆ ಒತ್ತಬೇಕು. ಕೆಳಗಿನ ಚಾಪೆ ಮೊಣಕೈ ಸುಡುವಾಗ ಯಾರೂ ನಿಧಾನಕ್ಕೆ ಒತ್ತುವುದಿಲ್ಲ. ಬೇಗ ಹತ್ತು ಗುಂಡು ಮುಗಿಸಿ ಎದ್ದರೆ ಸಾಕು ಅನ್ನಿಸುತ್ತದೆ. ಕಾದ ನೆಲದಿಂದ, ಕಾದ ನಳಿಗೆಯಿಂದ ಏಳುವ ಬಿಸಿಗಾಳಿಗೆ ಗುರಿಯ ಕಪ್ಪು ಚುಕ್ಕೆ ಕುಣಿಯುತ್ತದೆ, ಡಾಂಬರು ರಸ್ತೆಯ ಮೇಲೆ ದೂರದ ಬೈಕು ಕುಣಿದಂತೆ. .22 ರೈಫಲ್‌ನಲ್ಲಿ 25 ಮೀಟರಿಗೆ ಇದೇನು ದೊಡ್ಡ ಅಡ್ಡಿಯಲ್ಲ, ಒಪ್ಪುತ್ತೇನೆ. ನೂರು ಮೀಟರ್ ದಾಟಿದರೆ ಹೊಸಬರು ಬಿಸಿಲುಗುದುರೆಗೆ ಗುಂಡು ಹೊಡೆದ ಹಾಗೆಯೇ.

ನಡೆಸುವವರನ್ನು ಕೇಳಿದರೆ ಮೂರು ಉತ್ತರ ಬರುತ್ತವೆ.

ಮೊದಲನೆಯದು: "ಸೈನಿಕರು ರಾಜಸ್ಥಾನದಾಗ ನಿಲ್ಲಂಗಿಲ್ಲೇನ್ರೀ?" ನಿಲ್ಲುತ್ತಾರೆ. ಆದರೆ ಮನುಷ್ಯನ ಮೈ ಹೊಸ ಬಿಸಿಲಿಗೆ ಹೊಂದಿಕೊಳ್ಳೋಕೆ ಒಂದರಿಂದ ಎರಡು ವಾರ ಬೇಕು, ದಿನಾ ಸ್ವಲ್ಪ ಸ್ವಲ್ಪ ಕೆಲಸ ಹೆಚ್ಚಿಸುತ್ತಾ ಹೋಗಬೇಕು. ಸೇನೆಗೆ ಇದು ಚೆನ್ನಾಗಿ ಗೊತ್ತು. ಎರಡು ದಿನದ ವಾರಾಂತ್ಯ ಶಿಬಿರಕ್ಕೆ ಬರುವವರು ಅಂಗಡಿ ಗಲ್ಲೆಯಿಂದ, ಕಾಲೇಜು ಕೋಣೆಯಿಂದ, ಬ್ಯಾಂಕಿನ ಎ.ಸಿ.ಯಿಂದ ಎದ್ದು ಬಂದವರು. ಅವರ ಮೈಗೆ ಹೊಂದಿಕೊಳ್ಳುವ ಹೊತ್ತಿಗೆ ಶಿಬಿರ ಮುಗಿದು ಸರ್ಟಿಫಿಕೇಟೂ ಕೈಗೆ ಬಂದಿರುತ್ತದೆ. ಸೈನ್ಯದ ಹೆಸರು ಹೇಳುವವರು ಇನ್ನೊಂದು ಮಾತನ್ನೂ ಕೇಳಿಸಿಕೊಳ್ಳಲಿ. ಅಮೆರಿಕದ ಸೇನಾ ತರಬೇತಿ ಮೈದಾನಗಳಲ್ಲಿ ಸೆಕೆಗೆ ತಕ್ಕಂತೆ ಬಣ್ಣದ ಬಾವುಟ ಏರಿಸುತ್ತಾರೆ. ಅಲ್ಲಿನ ಅಳತೆ 32 ಡಿಗ್ರಿ ಮುಟ್ಟಿದರೆ ಕಪ್ಪು ಬಾವುಟ, ತೀರಾ ಅಗತ್ಯವಲ್ಲದ ಕಸರತ್ತೆಲ್ಲ ಬಂದ್.

ಬರೀ 32ಕ್ಕೇ ಅಂತ ನಗಬೇಡಿ. ಅದು ನಿಮ್ಮ ಫೋನಿನಲ್ಲಿ ತೋರಿಸುವ ಡಿಗ್ರಿ ಅಲ್ಲ. ಫೋನಿನಲ್ಲಿ ಬರುವುದು ನೆರಳಿನಲ್ಲಿ, ಗಾಳಿಯಾಡುವ ಪೆಟ್ಟಿಗೆಯೊಳಗೆ ಅಳೆದ ಲೆಕ್ಕ. ಬಾವುಟದ ಲೆಕ್ಕದಲ್ಲಿ ಹತ್ತರಲ್ಲಿ ಏಳು ಪಾಲು ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನದು, ಎರಡು ಪಾಲು ಬಿಸಿಲಿಗಿಟ್ಟ ಕಪ್ಪು ಗುಂಡಿನದು, ಒಂದೇ ಪಾಲು ನೆರಳಿನ ಗಾಳಿಯದು. ಒದ್ದೆ ಬಟ್ಟೆ ಯಾಕೆ ಅಂದರೆ, ಮನೆಯ ಮಣ್ಣಿನ ಗಡಿಗೆಯನ್ನು ನೆನೆಸಿಕೊಳ್ಳಿ. ಒಣ ಬಿಸಿಲಿನಲ್ಲಿ ಗಡಿಗೆ ನೀರು ತಣ್ಣಗಿರುತ್ತದೆ. ಮೋಡ ಮುಸುಕಿ ಜಿಗಿಜಿಗಿ ಸೆಕೆ ಇದ್ದ ದಿನ ಅದೇ ಗಡಿಗೆ ತಣ್ಣಗಾಗುವುದಿಲ್ಲ. ನಮ್ಮ ಮೈಯೂ ಗಡಿಗೆಯೇ, ಬೆವರು ಆರಿದರೆ ಮಾತ್ರ ತಂಪು. ಅದಕ್ಕೇ ಮುಂಗಾರು ಪೂರ್ವದ ಒಂದು ಅಡ್ಡ ಮಳೆ ಬಿದ್ದು 42 ಇದ್ದದ್ದು 38ಕ್ಕೆ ಇಳಿಯಿತು, ಇವತ್ತು ತಂಪು ಅಂತ ಶಿಬಿರ ಎಳೆಯುವುದು ಒಮ್ಮೊಮ್ಮೆ ಹಿಂದಿನ ದಿನಕ್ಕಿಂತ ಹೆಚ್ಚು ಅಪಾಯ. 2023ರ ಏಪ್ರಿಲ್ 16ರ ಭಾನುವಾರ ನವಿ ಮುಂಬೈನ ಖಾರ್ಘರ್‌ನಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಸಮಾರಂಭಕ್ಕೆ ಬಂದು ಬಯಲಿನಲ್ಲಿ ಗಂಟೆಗಟ್ಟಲೆ ಕೂತ ಜನರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಬಿಸಿಲು ಬಡಿದು ಸತ್ತರು. ಹತ್ತಿರದ ಹವಾಮಾನ ಕೇಂದ್ರದಲ್ಲಿ ಆ ದಿನ ದಾಖಲಾದದ್ದು 38 ಡಿಗ್ರಿ. ಅವರು ಸುಮ್ಮನೆ ಕೂತಿದ್ದರು, ಅಷ್ಟೇ.

ಎರಡನೆಯ ಉತ್ತರ: "ರೈತರು ಬಿಸಲಾಗ ದುಡಿಯಂಗಿಲ್ಲೇನು?" ಇದನ್ನು ಹೇಳುವವರು ಮೇ ತಿಂಗಳಲ್ಲಿ ಹೊಲದ ಕಡೆ ಹೋಗಿಲ್ಲ. ನಮ್ಮ ಕಡೆ ಮಾಗಿ ಉಳುಮೆಗೆ ನಸುಕಿನಲ್ಲೇ ಎತ್ತು ಹೂಡುತ್ತಾರೆ, ಹೊತ್ತು ನೆತ್ತಿಗೇರುವ ಮುಂಚೆ ನೊಗ ಇಳಿಸಿ ಬೇವಿನ ನೆರಳಿಗೆ ಕಟ್ಟುತ್ತಾರೆ. ಎತ್ತಿಗಿರುವ ಮರ್ಯಾದೆ ಎತ್ತಿನ ಯಜಮಾನನಿಗೆ ಬೇಡವೇ? ಉದ್ಯೋಗ ಖಾತ್ರಿ ಕೂಲಿಗಳಿಗೂ ಬೇಸಿಗೆಯಲ್ಲಿ ಕೆಲಸದ ಅಳತೆಗೆ ರಿಯಾಯಿತಿ ಕೊಡುತ್ತಾ ಬಂದಿದ್ದಾರೆ. ಬೆಳಿಗ್ಗೆಯೇ ಗುದ್ದಲಿ ಹಿಡಿದವರು ಹೊತ್ತೇರುವ ಮುಂಚೆ ಮನೆ ಸೇರುತ್ತಾರೆ.

ಮೂರನೆಯದು: "ರಜೆ ಇರೋದೇ ಈಗ." ಇದರಲ್ಲಿ ಸ್ವಲ್ಪ ಸತ್ಯ ಇದೆ. ಪರೀಕ್ಷೆ ಮುಗಿದಿರುತ್ತದೆ, ಹೊಲ ಖಾಲಿ ಇರುತ್ತದೆ. ಆದರೆ ಎರಡು ದಿನಕ್ಕೆ ಬೇಸಿಗೆ ರಜೆಯೇ ಯಾಕೆ ಬೇಕು? ಶನಿವಾರ-ಭಾನುವಾರ ವರ್ಷಪೂರ್ತಿ ಬರುತ್ತವೆ. ನವೆಂಬರಿನಿಂದ ಜನವರಿಯ ತನಕ ನಮ್ಮಲ್ಲಿ ಬೆಳಿಗ್ಗೆ ಸ್ವೆಟರ್ ಹಾಕುವ ಚಳಿ. ಬಂದೂಕನ್ನು ಮನೆಯ ದೈವದಂತೆ ನೋಡುವ ಕೊಡವರನ್ನೇ ತಗೊಳ್ಳಿ. ಆಯುಧ ಪೂಜಿಸಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಕೈಲ್ ಮುಹೂರ್ತ ಬರುವುದು ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ. ಕದಿರು ಕೊಯ್ಯುವಾಗ ಗುಂಡು ಹಾರಿಸುವ ಪುತ್ತರಿ ನವೆಂಬರ್-ಡಿಸೆಂಬರಿನಲ್ಲಿ. ಅದು ನಾಟಿ-ಕೊಯ್ಲಿನ ಲೆಕ್ಕ, ಬಿಸಿಲಿನ ಲೆಕ್ಕ ಅಲ್ಲ ಅನ್ನುವುದು ನಿಜ. ಆದರೂ ಬಂದೂಕಿನ ಜೊತೆ ಬೆಳೆದ ಜನಕ್ಕೆ ಗುರಿಯ ಪಂದ್ಯ ಇಡೋಕೆ ಮೇ ತಿಂಗಳು ಬೇಕಾಗಲಿಲ್ಲ.

ಈಗ ಯಾರೂ ಬಾಯಿಬಿಟ್ಟು ಹೇಳದ ಕಾರಣಕ್ಕೆ ಬರೋಣ. ಲೆಕ್ಕ ಹಾಕಿ ನೋಡಿ. ಶಿಬಿರಕ್ಕೆ 40 ಜನ, ಒಮ್ಮೆಗೆ ಐದು ಜನ ಮಲಗುವ ರೇಂಜ್. ಅಂದರೆ ಎಂಟು ತಂಡ. ಒಂದು ತಂಡಕ್ಕೆ ಹತ್ತು ಗುಂಡು, ಗುರಿ ಹಾಳೆ ಬದಲಿಸುವುದೂ ಸೇರಿ 20 ನಿಮಿಷ. ಒಟ್ಟು 160 ನಿಮಿಷ, ಎರಡೂ ಮುಕ್ಕಾಲು ಗಂಟೆಯೂ ಇಲ್ಲ. ಮೇ ತಿಂಗಳಲ್ಲಿ ಆರಕ್ಕೆ ಮುಂಚೆಯೇ ಬೆಳಕು ಹರಿದಿರುತ್ತದೆ. ಆರಕ್ಕೆ ಶುರು ಮಾಡಿದರೆ ಒಂಬತ್ತರ ಒಳಗೆ ಕೊನೆಯವನೂ ಹೊಡೆದು ಎದ್ದಿರುತ್ತಾನೆ, ಉಪ್ಪಿಟ್ಟು ಬಿಸಿ ಇರುವಾಗಲೇ.

ಹಾಗಾದರೆ 11 ಯಾಕೆ ಆಗುತ್ತದೆ? ಉದ್ಘಾಟನೆ. ಮುಖ್ಯ ಅತಿಥಿಗಳು 10ಕ್ಕೆ ಅಂದವರು 10.45ಕ್ಕೆ ಬರುತ್ತಾರೆ. ಸ್ವಾಗತ, ದೀಪ, ಶಾಲು, ಹಾರ, ದೇಶಪ್ರೇಮದ ಮೇಲೆ ನಾಲ್ಕು ಭಾಷಣ. ಆಮೇಲೆ ಅತಿಥಿಗಳೇ ಮೊದಲು ರೈಫಲ್ ಹಿಡಿದು ಮಲಗಬೇಕು, ಫೋಟೋಕ್ಕೆ. ಶಾಮಿಯಾನ ಇರುವುದು ವೇದಿಕೆಯ ಮೇಲೆ ಮಾತ್ರ, ಕಲಿಯುವವರ ಸಾಲಿಗೆ ಇಲ್ಲ. ಆ ಫೋಟೋ ಕಳಿಸುವುದೂ ನಮ್ಮಂಥ ಸ್ಟ್ರಿಂಗರ್‌ಗಳ ಕೆಲಸವೇ, ಮರುದಿನ ಮೂರನೇ ಪುಟದಲ್ಲಿ ಅದೇ ಬರುತ್ತದೆ. ಬಿಸಿಲು ದೇವರು ಕೊಟ್ಟದ್ದಿರಬಹುದು, 11 ಗಂಟೆ ಮಾತ್ರ ಮನುಷ್ಯರು ಕೊಟ್ಟದ್ದು.

ಕಲಿಯುವವರು ಯಾಕೆ ಬಾಯಿ ಬಿಡುವುದಿಲ್ಲ? 2016ರ ಆಯುಧ ನಿಯಮಗಳ ಪ್ರಕಾರ ಬಂದೂಕು ಲೈಸೆನ್ಸ್ ಬೇಕೆಂದರೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕು. ಕಾಡುಹಂದಿ ಶೇಂಗಾ ಹೊಲ ಹೊಕ್ಕು ಮೆಯ್ದದ್ದಕ್ಕೆ ಬೆಳೆ ಕಾಯಲು ಅರ್ಜಿ ಹಾಕಿದ ರೈತ ಶಿಬಿರಕ್ಕೆ ಬಂದಿರುತ್ತಾನೆ. ಅವನ ಕಾಗದ ಇವರ ಕೈಯಲ್ಲಿ. "ಸಾಹೇಬ್ರ, ತಲಿ ತಿರಗಾಕತ್ತೈತಿ" ಅಂದರೆ ಎಲ್ಲಿ ಫೇಲ್ ಮಾಡುತ್ತಾರೋ ಎಂಬ ಭಯ. ಇಂಥವರಲ್ಲಿ ಎಷ್ಟೋ ಮಂದಿ ಬಿ.ಪಿ. ಮಾತ್ರೆ ನುಂಗುವವರು. ಆ ಮಾತ್ರೆಗಳಲ್ಲಿ ಕೆಲವು ಮೂತ್ರ ಹೆಚ್ಚಿಸಿ ಮೈಯ ನೀರು ತೆಗೆಯುವಂಥವು, ಬಿಸಿಲಲ್ಲಿ ಅವರಿಗೆ ಅಪಾಯ ದುಪ್ಪಟ್ಟು. ಹೆಸರು ಬರೆಸುವಾಗ ಯಾವ ಮಾತ್ರೆ ತಗೋತೀರಿ ಅಂತ ಒಬ್ಬರಾದರೂ ಕೇಳುತ್ತಾರಾ?

ಹೆಣ್ಣುಮಕ್ಕಳ ಕಥೆ ಇನ್ನೊಂದು. ರೇಂಜ್ ಇರುವುದು ಊರಾಚೆ, ಗುಡ್ಡದ ಬುಡದಲ್ಲಿ. ಶೌಚಾಲಯ ಇಲ್ಲ. ನಾನು ಮಾತಾಡಿಸಿದ ಎನ್‌ಸಿಸಿ ಹುಡುಗಿಯರು ಬೆಳಿಗ್ಗೆಯಿಂದ ನೀರೇ ಕುಡಿದಿರಲಿಲ್ಲ. ಕುಡಿದರೆ ಎಲ್ಲಿಗೆ ಹೋಗೋದು? ಮೇಲೆ ದಪ್ಪ ಖಾಕಿ, ಬೂಟು. ನೀರಿನ ಕ್ಯಾನ್ ತುಂಬಿ ಇಟ್ಟಿದ್ದೇವೆ ಅಂತ ನಡೆಸುವವರು ತೋರಿಸಿದರು. ಕ್ಯಾನ್ ತುಂಬಿಯೇ ಉಳಿದಿತ್ತು, ಅದನ್ನೇ ವ್ಯವಸ್ಥೆ ಚೆನ್ನಾಗಿದೆ ಅನ್ನೋಕೆ ಸಾಕ್ಷಿ ಮಾಡಿಕೊಂಡಿದ್ದರು! ಎರಡು ದಿನದ ಮಟ್ಟಿಗೆ ತಾತ್ಕಾಲಿಕ ಶೌಚಾಲಯ ಇಡಲಾರದ ಶಿಬಿರ ಹೆಣ್ಣುಮಕ್ಕಳನ್ನು ಕರೆಯಬಾರದು. ಕರೆಯಲೇಬೇಕು ಅನ್ನಿಸಿದರೆ ಶಾಲು-ಹಾರದ ದುಡ್ಡು ಅಲ್ಲಿಗೆ ಹಾಕಲಿ.

ನಾನು ಶಿಬಿರ ಬೇಡ ಅನ್ನುತ್ತಿಲ್ಲ. ಬೇಕೇ ಬೇಕು. ಬಂದೂಕು ಹಿಡಿಯುವವನಿಗೆ ಅದನ್ನು ಹಿಡಿಯಲು ಬರದಿದ್ದರೆ ಸಾಯುವುದು ಪಕ್ಕದ ಹೊಲದವನು. ಮೇ ತಿಂಗಳಲ್ಲೇ ಆಗಬೇಕೆಂದಿದ್ದರೆ ಆಗಲಿ, ಹೀಗಾಗಲಿ: ಗುಂಡಿನ ಕೆಲಸ ಬೆಳಿಗ್ಗೆ 6ರಿಂದ 9, ಎರಡೂ ದಿನ. ರೇಂಜ್ ಪೂರ್ವಕ್ಕೆ ಮುಖ ಮಾಡಿದ್ದರೆ ಎಳೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಅಂಥ ಕಡೆ ಸಂಜೆ 5ರ ನಂತರ. ನಡುಹಗಲು ಶಾಲೆಯ ಕೋಣೆಯಲ್ಲಿ ಪಾಠ. ಬಂದೂಕು ಬಿಚ್ಚಿ ಜೋಡಿಸುವುದು, ಕಾನೂನು, ಮನೆಯಲ್ಲಿ ಎಲ್ಲಿಡಬೇಕು ಅನ್ನೋದು. ಅಲ್ಲೇ ಖಾಲಿ ಬಂದೂಕಿನ ಅಭ್ಯಾಸ, ಒಂದೇ ಒಂದು ಗುಂಡೂ ಆ ಕೋಣೆಯೊಳಗೆ ಬಾರದಂತೆ. ಗುರಿ ಹೊಡೆಯುವವರು ಯಾರನ್ನೇ ಕೇಳಿ, ಅರ್ಧ ವಿದ್ಯೆ ಖಾಲಿ ಬಂದೂಕಿನಲ್ಲೇ ಕಲಿತದ್ದು ಅನ್ನುತ್ತಾರೆ. ಮಲಗುವ ಸಾಲಿನ ಮೇಲೆ ಹಸಿರು ನೆಟ್, ಗುಂಡಿನ ಪೆಟ್ಟಿಗೆ ನೆರಳಿನಲ್ಲಿ. ಬಾಯಾರಲಿ ಬಿಡಲಿ, 15-20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು. ಬೆವರು ಜಾಸ್ತಿ ಇದ್ದರೆ ಓಆರ್‌ಎಸ್. ಪ್ಯಾಕೆಟ್ ಇಲ್ಲವೆಂದರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಮಚ ಅಂದರೆ ಚಹಾ ಚಮಚ. ಉಪ್ಪು ಹಾಕಿದ ಮಜ್ಜಿಗೆಯೂ ನಡೆದೀತು. ಉದ್ಘಾಟನೆ ಬೇಕೇ ಬೇಕೆಂದರೆ ಸಂಜೆ ಮುಕ್ತಾಯಕ್ಕೆ ಸೇರಿಸಿ, ಅತಿಥಿಗಳಿಗೂ ತಂಪು.

ಒಂದು ವಿಷಯವನ್ನು ಮಾತ್ರ ಎಲ್ಲರೂ ನೆನಪಿಡಿ, ಶಿಬಿರಕ್ಕೆ ಹೋಗದವರೂ. ಬಿಸಿಲಲ್ಲಿದ್ದವನು ತಡವರಿಸಿ ಮಾತಾಡಿದರೆ, ಕೇಳಿದ್ದಕ್ಕೆ ಏನೇನೋ ಉತ್ತರ ಕೊಟ್ಟರೆ, ಕುಡಿದವನಂತೆ ನಡೆದರೆ, ಮೈ ಕೆಂಡದಂತಿದ್ದರೆ ಅದು ಹೀಟ್ ಸ್ಟ್ರೋಕ್. ಮೈಯೊಳಗಿನ ಶಾಖ 40 ಡಿಗ್ರಿ ದಾಟಿರುತ್ತದೆ. ಬೆವರು ಬರುತ್ತಿದೆಯಲ್ಲ, ಅದಲ್ಲ ಬಿಡು ಅನ್ನಬೇಡಿ. ದುಡಿಯುತ್ತಾ ಬಿದ್ದವರಿಗೆ ಬೆವರು ಇದ್ದೇ ಇರಬಹುದು. ರೇಂಜ್‌ನಲ್ಲಾದರೆ ಮೊದಲು ಎಲ್ಲರ ಫೈರಿಂಗ್ ನಿಲ್ಲಿಸಿ ಅವನ ಕೈಯ ಬಂದೂಕು ತೆಗೆದು ಖಾಲಿ ಮಾಡಿ. 108ಕ್ಕೆ ಒಬ್ಬರು ಫೋನ್ ಮಾಡುತ್ತಿರಲಿ, ಉಳಿದವರು ಅವನನ್ನು ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಕೊಡಗಟ್ಟಲೆ ನೀರು ಸುರಿದು ಗಾಳಿ ಬೀಸಿ. ಐಸ್ ಇದ್ದರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ದನಕ್ಕೆ ನೀರು ಕುಡಿಸುವ ತೊಟ್ಟಿ ಹತ್ತಿರ ಇದ್ದರೆ ತಲೆ ಮೇಲಿರುವಂತೆ ಹಿಡಿದು ಕುತ್ತಿಗೆ ತನಕ ಅದರಲ್ಲೇ ಕೂರಿಸಿ. ಆಂಬುಲೆನ್ಸ್ ಬರಲಿ ಅಂತ ಕಾಯುತ್ತಾ ನಿಲ್ಲಬೇಡಿ, ಮೈ ತಣಿಸುವುದೇ ಮೊದಲ ಔಷಧ. ಎಚ್ಚರ ಇಲ್ಲದವನ ಬಾಯಿಗೆ ನೀರು ಹಾಕಬೇಡಿ.

ಮುಂದಿನ ಶಿಬಿರದ ಪ್ರಕಟಣೆ ನಿಮ್ಮ ಊರಿನ ವಾಟ್ಸ್ಆ್ಯಪ್ ಗುಂಪಿಗೂ ಬರುತ್ತದೆ. ಅತಿಥಿಗಳ ಹೆಸರು ದಪ್ಪಕ್ಷರದಲ್ಲಿ ಇರುತ್ತದೆ, ಅದನ್ನು ಬಿಟ್ಟು ಕೆಳಗಿನ ಸಂಪರ್ಕ ಸಂಖ್ಯೆಗೆ ಫೋನ್ ಹಚ್ಚಿ. ಮೂರೇ ಮಾತು ಕೇಳಿ: ಮೊದಲ ಗುಂಡು ಎಷ್ಟು ಗಂಟೆಗೆ? ಮಲಗುವ ಜಾಗಕ್ಕೆ ನೆರಳು ಇದೆಯೇ? ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿ? ಉತ್ತರ ಏನು ಬಂತು ಅಂತ ನಮಗೂ ಬರೆದು ಕಳಿಸಿ.