ಎಳೆದರೆ ಬಿಚ್ಚುವ ಗಂಟು

ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ಕಾಫಿ ಕಣಗಳಲ್ಲಿ ದಿನಕ್ಕೆರಡು ಸಲ ತಪ್ಪದೆ ನಡೆಯುವ ಕೆಲಸವೊಂದಿದೆ. ಸಂಜೆ ಹಣ್ಣನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿ ಕಟ್ಟುವುದು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಬಿಚ್ಚಿ ಹರಡುವುದು. ಕಟ್ಟಲು ಎರಡು ನಿಮಿಷ ಸಾಕು. ಬಿಚ್ಚಲು? ನೆಂದ ಹಗ್ಗ, ಚಳಿಗೆ ಮರಗಟ್ಟಿದ ಬೆರಳು, ಅವಸರದಲ್ಲಿ ಹಾಕಿದ ಕಗ್ಗಂಟು. ಉಗುರಿಗೆ ಬಗ್ಗದಿದ್ದರೆ ಹಲ್ಲು, ಹಲ್ಲಿಗೂ ಬಗ್ಗದಿದ್ದರೆ ಕತ್ತಿ. ಸುಗ್ಗಿ ಮುಗಿಯುವಷ್ಟರಲ್ಲಿ ಒಂದು ಹಗ್ಗ ಹತ್ತು ತುಂಡು.

ಹಗ್ಗ ಹೋದರೆ ಹೋಗಲಿ ಎನ್ನಬಹುದು. ಆದರೆ ಚೆರಿ ಕಾಫಿ ಒಣಗಲು ಒಳ್ಳೆಯ ಬಿಸಿಲಿದ್ದರೂ 12ರಿಂದ 15 ದಿನ ಬೇಕು. ರೊಬಸ್ಟಾ ಚೆರಿಯ ತೇವಾಂಶ ಶೇ. 11ಕ್ಕೆ ಇಳಿಯಬೇಕು. ಹಗಲಿನಲ್ಲಿ ಟಾರ್ಪಾಲನ್ನು ಸುರುಳಿ ಸುತ್ತಿ ಕಣದ ಅಂಚಿಗೆ ಕಟ್ಟಿಟ್ಟಿರುತ್ತಾರೆ. ಜನವರಿಯಲ್ಲಿ ಬರಬಾರದ ಮಳೆ ಮಧ್ಯಾಹ್ನ ಇದ್ದಕ್ಕಿದ್ದಂತೆ ಬಂದರೆ, ಆ ಗಂಟು ಬಿಚ್ಚುವ ಹೊತ್ತಿಗೆ ಹತ್ತು ದಿನದ ಬಿಸಿಲು ನೀರುಪಾಲು. ಮತ್ತೆ ನೆಂದ ಹಣ್ಣಿಗೆ ಬೂಷ್ಟು ಬೇಗ ಹತ್ತುತ್ತದೆ. ಆ ವಾಸನೆ ಲೋಟದವರೆಗೂ ಬರುತ್ತದೆ.

ಇದಕ್ಕೆ ಬೇಕಾದ ಗಂಟು ಹೊಸದೇನಲ್ಲ. ಪೈಜಾಮದ ಲಾಡಿಗೆ, ಷೂ ಲೇಸಿಗೆ ದಿನವೂ ಹಾಕುವುದು ಇದೇ ಜಾತಿಯ ಜಾರುಗಂಟು. ಮೈಮೇಲಿನ ಬಟ್ಟೆಗೆ ಇಷ್ಟು ಜಾಣತನ ತೋರುವ ಜನ ಕಣಕ್ಕೆ ಹೋದೊಡನೆ ಯಾಕೆ ಮರೆಯುತ್ತಾರೋ!

ಹಗ್ಗದ ಒಂದು ತುದಿಯನ್ನು ಟಾರ್ಪಾಲಿನ ಅಂಚಿನ ತೂತಿಗೆ ಖಾಯಂ ಆಗಿ ಕಟ್ಟಿಬಿಡಿ. ಇನ್ನೊಂದು ತುದಿಯನ್ನು ಗೂಟಕ್ಕೆ ಎರಡು ಸುತ್ತು ಸುತ್ತಿ ಜಗ್ಗಿ ಹಿಡಿಯಿರಿ. ಎಳೆತದ ಬಹುಪಾಲನ್ನು ತಡೆಯುವುದು ಈ ಸುತ್ತುಗಳೇ ಹೊರತು ಗಂಟಲ್ಲ. ಆದ್ದರಿಂದ ಇಲ್ಲಿ ಜಿಪುಣತನ ಬೇಡ. ಈಗ ಉಳಿದ ತುದಿಯನ್ನು ಬಿಗಿಯಾಗಿ ನಿಂತ ಹಗ್ಗದ ಮೇಲಿಂದ ಹಾಯಿಸಿ, ಅಡಿಯಿಂದ ಈಚೆಗೆ ತನ್ನಿ. ಆ ಹಗ್ಗಕ್ಕೂ ಗೂಟಕ್ಕೂ ನಡುವೆ ಒಂದು ಸಂದು ಕಾಣುತ್ತದೆ. ಮಾಮೂಲಿ ಗಂಟಿನಲ್ಲಿ ತುದಿಯನ್ನೇ ಆ ಸಂದಿನಲ್ಲಿ ತೂರಿಸುತ್ತಾರೆ. ಇಲ್ಲಿ ತುದಿಯನ್ನು ಹಾಗೇ ಬಿಟ್ಟು, ಹಗ್ಗವನ್ನು ನಡುವೆ ಮಡಚಿ, ಆ ಮಡಿಕೆಯನ್ನು ಮಾತ್ರ ಗೇಣುದ್ದ ತೂರಿಸಬೇಕು. ಮಡಿಕೆ ಹಿಡಿದು ಗಂಟನ್ನು ಗೂಟದತ್ತ ಒತ್ತಿ ಬಿಗಿ ಮಾಡಿದರೆ ಮುಗಿಯಿತು. ಬೇಕೆಂದಾಗ ಜೋತುಬಿದ್ದ ತುದಿಯನ್ನು ಒಮ್ಮೆ ಎಳೆದರೆ ಗಂಟು ಬಿಡುತ್ತದೆ, ಹಗ್ಗ ಸುತ್ತು ಬಿಚ್ಚಿಕೊಂಡು ಕೈಗೆ ಬರುತ್ತದೆ.

ಆತುರದಲ್ಲಿ ಮಡಿಕೆಯನ್ನೇ ಎಳೆದರೆ ತುದಿಯೂ ಒಳನುಗ್ಗಿ ಸಾಧಾರಣ ಗಂಟಾಗಿ ಕೂರುತ್ತದೆ. ಲಾಡಿಯಲ್ಲಿ ಆಗುವ ಅವಾಂತರ ಇದೇ ಅಲ್ಲವೆ?

ಅಮೆರಿಕದ ಕ್ಲಿಫರ್ಡ್ ಆ್ಯಶ್ಲಿ 1944ರಲ್ಲಿ ಪ್ರಕಟಿಸಿದ ಗಂಟುಗಳ ಬೃಹತ್ ಗ್ರಂಥದಲ್ಲಿ 3,800ಕ್ಕೂ ಹೆಚ್ಚು ನಮೂದುಗಳಿವೆ. ಅಷ್ಟನ್ನೂ ಕಲಿಯುವ ಗೋಜು ಯಾರಿಗೂ ಬೇಡ. ತುದಿಯ ಬದಲು ಮಡಿಕೆ ತೂರಿಸುವ ಉಪಾಯ ತಿಳಿದರೆ, ಗೊತ್ತಿರುವ ಗಂಟುಗಳಲ್ಲೇ ಹಲವನ್ನು ಹೀಗೆ ಬಿಚ್ಚುವಂತೆ ಮಾಡಬಹುದು. ಕುದುರೆ ಲಾಯದವರು ಕುದುರೆ ಕಟ್ಟುವುದೂ ಇಂಥ ಗಂಟಿನಿಂದಲೇ. ಬೆದರಿದ ಪ್ರಾಣಿಯನ್ನು ಕ್ಷಣದಲ್ಲಿ ಬಿಡಿಸಬೇಕಲ್ಲ.

ಹಗ್ಗ ಯಾವುದೆಂಬುದೂ ಮುಖ್ಯ. ತೆಂಗಿನ ನಾರಿನ ಹಗ್ಗ, ನೂಲಿನ ಹಗ್ಗ ನೀರು ಕುಡಿದು ಉಬ್ಬುತ್ತವೆ. ಗಂಟು ಇನ್ನಷ್ಟು ಬಿಗಿಯುತ್ತದೆ. ಇವಕ್ಕೆ ಮಡಿಕೆ ಉದ್ದವಾಗಿರಲಿ, ತುದಿ ಕೈತುಂಬ ಸಿಗುವಂತಿರಲಿ. ಪ್ಲಾಸ್ಟಿಕ್ ಹಗ್ಗದ ಕಥೆ ತಿರುವು ಮುರುವು, ನುಣುಪಿನಿಂದ ತಾನಾಗಿಯೇ ಜಾರುತ್ತದೆ. ಅದಕ್ಕೆ ಗೂಟದ ಮೇಲೆ ಮೂರನೆಯ ಸುತ್ತು ಬೇಕು. ಗಾಳಿ ಜೋರಿರುವ ರಾತ್ರಿ ಟಾರ್ಪಾಲು ಪಟಪಟ ಬಡಿದು ಗಂಟನ್ನು ಸಡಿಲಿಸುತ್ತದೆ. ಆಗ ತುದಿಯನ್ನು ಮಡಿಕೆಯ ಒಳಗೆ ಒಮ್ಮೆ ತೂರಿಸಿಟ್ಟರೆ ಚಿಲಕ ಹಾಕಿದಂತೆ. ಬೆಳಿಗ್ಗೆ ಮೊದಲು ಆ ಚಿಲಕ ತೆಗೆಯಬೇಕು, ಆಮೇಲೆ ಎಳೆಯಬೇಕು.

ಕಣದ ಹತ್ತಿರ ಕರು ಕಟ್ಟುವವರು ಮಾತ್ರ ಗಾಳಿಯಿಲ್ಲದ ದಿನವೂ ಚಿಲಕ ಹಾಕುವುದು ಕ್ಷೇಮ. ಜೋತಾಡುವ ಹಗ್ಗದ ತುದಿ ಕಂಡರೆ ಕರು ಬಾಯಿ ಹಾಕದೆ ಬಿಡುವುದಿಲ್ಲ.