ಊರು ಬಿಟ್ಟು ಬಂದ ಹಿರಿಯರು

ಅಕ್ಕಂದಿರೆ, ಮಾವನವರು ತೀರಿಕೊಂಡ ಮೇಲೆ ಅತ್ತೆಯವರನ್ನು ತೀರ್ಥಹಳ್ಳಿ ಕಡೆಯಿಂದ ಬಳ್ಳಾರಿಗೆ ಕರೆತಂದೆವು. ಮೊದಲ ಬೇಸಿಗೆಯಲ್ಲೇ ತಲೆಸುತ್ತಿ ಬಿದ್ದರು. ಬಿ.ಪಿ. ಮಾತ್ರೆ ತಪ್ಪಿಸಿರಲಿಲ್ಲ, ಊಟವೂ ಸರಿಯಾಗಿತ್ತು. ಆಮೇಲೆ ತಿಳಿಯಿತು: ರಾತ್ರಿ ಎದ್ದು ನಮ್ಮ ನಿದ್ದೆ ಕೆಡಿಸಬಾರದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರಂತೆ! ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗುವುದೂ ಕಡಿಮೆ. ಮಲೆನಾಡಿನ ಜೀವಕ್ಕೆ 40 ಡಿಗ್ರಿ ಬಿಸಿಲು ಬೇರೆ. ಗಮನಿಸದ ತಪ್ಪು ನನ್ನದೇ.

ಈಗ ಅವರ ಹಾಸಿಗೆ ಬಚ್ಚಲುಮನೆಯ ಹತ್ತಿರ, ರಾತ್ರಿಯೆಲ್ಲ ಸಣ್ಣ ದೀಪ. ಹಗಲಲ್ಲಿ ಆಗಾಗ ನೀರು, ಇಲ್ಲವೆ ಉಪ್ಪಿಲ್ಲದ ತಿಳಿ ಮಜ್ಜಿಗೆ. ಹೃದಯ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಎಷ್ಟು ಕೊಡಬೇಕೆಂದು ಡಾಕ್ಟರನ್ನೇ ಕೇಳಿ. ಸಂಜೆ ಪಕ್ಕದ ಮನೆ ಅಜ್ಜಿಯ ಜೊತೆ ಹರಟೆ.

"ಬೇಕಾ ಅತ್ತೆ?" ಅಂದರೆ "ಬೇಡ" ಅಂತಲೇ ಅನ್ನುತ್ತಾರೆ. ಲೋಟ ಕೈಗೇ ಕೊಟ್ಟು, ಪಕ್ಕದಲ್ಲಿ ಕೂತು ನೀವೂ ಕುಡಿಯಿರಿ.