ಡಿಕ್ಕಿಯಿಂದ ತೆಗೆದ ಬಾಟಲಿ

ತಪ್ಪೊಪ್ಪಿಗೆಯಿಂದಲೇ ಶುರು ಮಾಡ್ತೀನಿ. ನನ್ನ ಒಂಬತ್ತು ವರ್ಷದ ಪೆಟ್ರೋಲ್ ಕಾರನ್ನು ಮಾರುವ ಹಿಂದಿನ ದಿನ ಅದನ್ನು ವಾಟರ್ ವಾಶ್ ಮಾಡಿಸಿದೆ, ಸೀಟು ಕ್ಲೀನ್ ಮಾಡಿಸಿದೆ, ಹೊಸ ಮ್ಯಾಟ್ ಹಾಕಿಸಿದೆ. ಆಮೇಲೆ ಡಿಕ್ಕಿ ತೆಗೆದು, ಮೂಲೆಯಲ್ಲಿ ಹಳೇ ಬಟ್ಟೆ ಸುತ್ತಿ ಇಟ್ಟಿದ್ದ ಎಂಜಿನ್ ಆಯಿಲ್ ಬಾಟಲಿಯನ್ನು ಎತ್ತಿ ಮನೆಯೊಳಗೆ ತಂದಿಟ್ಟೆ. ಅರ್ಧ ಖಾಲಿಯಾದ ಬಾಟಲಿ. ಅದು ಅಲ್ಲೇ ಇದ್ದಿದ್ದರೆ ಕೊಳ್ಳುವವನು ಕೇಳ್ತಿದ್ದ, ಇದ್ಯಾಕೆ ಇಲ್ಲಿ ಅಂತ.

ಕೊಳ್ಳುವವನು ಹೊರಗಿನವನಲ್ಲ, ನನ್ನ ಕಾಕಾನ ಮಗ. ಕಲಬುರಗಿಯಲ್ಲಿ ಮನೆ, ಬೀಜ-ಗೊಬ್ಬರದ ಮಾರಾಟದ ಕೆಲಸ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕು ಅವನ ತಲೆ ಮೇಲೆ. ಕಾರು ತಗೊಳ್ಳೋಕೆ ಬೆಂಗಳೂರಿಗೆ ಬಂದವನು ಬಾನೆಟ್ಟನ್ನೂ ಎತ್ತಲಿಲ್ಲ. "ಅಣ್ಣಾ, ನಿನ್ ಗಾಡಿ ಅಂದ್ರ ನಾ ನೋಡೋದೇನದ" ಅಂದ. ನಾನು ನಕ್ಕು ಚಹಾ ಕೊಟ್ಟೆ.

ನನಗೆ ಗೊತ್ತಿತ್ತು. ಆ ಎಂಜಿನ್ 1000 ಕಿ.ಮೀ.ಗೆ ಸುಮಾರು 400 ಮಿ.ಲೀ. ಆಯಿಲ್ ಕುಡಿಯುತ್ತಿತ್ತು. ಬೆಂಗಳೂರಿನಲ್ಲಿ ಅದು ದೊಡ್ಡ ವಿಷಯ ಅನ್ನಿಸಿರಲಿಲ್ಲ. ತಿಂಗಳಿಗೆ 400 ಕಿ.ಮೀ. ಓಡಿಸುವವನು ನಾನು. ಆಫೀಸಿಗೆ ಮೆಟ್ರೋ, ವಾರಾಂತ್ಯಕ್ಕೆ ಕಾರು. ಎರಡು-ಮೂರು ತಿಂಗಳಿಗೊಮ್ಮೆ ಒಂದಿಷ್ಟು ಸುರಿದರೆ ಆಯ್ತು. ಸರ್ವಿಸ್‌ಗೆ ಬಿಟ್ಟಾಗ ಕೇಳಿದರೆ "ನಾರ್ಮಲ್ ಸಾರ್, ಗಾಡಿಗೆ ವಯಸ್ಸಾಯ್ತಲ್ಲ" ಅನ್ನೋ ಉತ್ತರ ಬರುತ್ತಿತ್ತು. ನನಗೂ ಆ ಉತ್ತರವೇ ಬೇಕಾಗಿತ್ತು.

ಈಗ ಅದೇ ಲೆಕ್ಕವನ್ನು ಕಲಬುರಗಿಗೆ ಒಯ್ಯಿರಿ. ನನ್ನ ತಮ್ಮ ತಿಂಗಳಿಗೆ 3000 ಕಿ.ಮೀ. ಓಡಿಸ್ತಾನೆ. ಅಂದರೆ ತಿಂಗಳಿಗೆ 1.2 ಲೀಟರ್ ಆಯಿಲ್ ಹೊಗೆಯಾಗಿ ಹೋಗುತ್ತೆ. ಎಂಜಿನ್ ಹಿಡಿಯೋದೇ ಮೂರೂವರೆ ಲೀಟರ್. ಮುಂದಿನ ಸರ್ವಿಸ್ 10,000 ಕಿ.ಮೀ.ಗೆ ಅಂತ ನಾನೇ ಹೇಳಿದ್ದೆ. ಎರಡು ತಿಂಗಳಾಗುತ್ತಲೇ ಒಂದು ಮಧ್ಯಾಹ್ನ, ಅಫಜಲಪುರದಿಂದ ವಾಪಸ್ ಬರುವಾಗ ಚೌಡಾಪುರದ ಹತ್ತಿರ, ದೇವಲ ಗಾಣಗಾಪುರಕ್ಕೆ ತಿರುಗುವ ರಸ್ತೆಯ ಆಸುಪಾಸು, ಮೀಟರಿನಲ್ಲಿ ಕೆಂಪು ದೀಪ ಹತ್ತಿತು. ಪುಣ್ಯಕ್ಕೆ ಅವನು ತಕ್ಷಣ ಬದಿಗೆ ಹಾಕಿ ಎಂಜಿನ್ ಆಫ್ ಮಾಡಿದ. "ಅಣ್ಣಾ, ಕಡ್ಡಿಗೆ ಆಯಿಲ್ ಹತ್ತೇ ಇಲ್ಲ. ಗಾಡಿ ಆಯಿಲ್ ಕುಡಿಲತ್ತದೇನು? ನಿನಗ ಗೊತ್ತಿತ್ತೇನು?"

ಆ ಕೊನೆಯ ಪ್ರಶ್ನೆಗೆ ಫೋನಿನಲ್ಲಿ ನಾನು ಏನು ಹೇಳಿದೆ ಅನ್ನೋದನ್ನ ಇಲ್ಲಿ ಬರೆಯಲಾರೆ. ಸತ್ಯ ಹೇಳಲಿಲ್ಲ ಅಂತ ತಿಳ್ಕೊಳ್ಳಿ.

ಆ ದೀಪದ ಬಗ್ಗೆ ಒಂದು ಮಾತು, ಯಾಕಂದ್ರೆ ನಮ್ಮಲ್ಲಿ ಬಹಳ ಜನ ಅದನ್ನು ಪೆಟ್ರೋಲ್ ರಿಸರ್ವ್ ದೀಪದ ಥರ ಅಂದ್ಕೊಂಡಿದ್ದಾರೆ. ಬಹುತೇಕ ಕಾರುಗಳಲ್ಲಿ ಅದು ತೋರಿಸೋದು ಆಯಿಲಿನ ಮಟ್ಟವನ್ನಲ್ಲ, ಒತ್ತಡವನ್ನು. ಪಂಪ್ ಎಳೆದುಕೊಳ್ಳಲು ಆಯಿಲ್ ಇಲ್ಲದೆ ಬೇರಿಂಗ್‌ಗಳು ಒಣಗುವ ಹೊತ್ತಿಗೆ ಅದು ಹತ್ತುತ್ತೆ. ಮಟ್ಟ ನೋಡೋದಕ್ಕೆ ಇರೋದು ಡಿಪ್‌ಸ್ಟಿಕ್, ಅದನ್ನು ಎಳೆದು ನೋಡೋಕೆ ಒಂದು ನಿಮಿಷ ಸಾಕು. ನಾವು ಬ್ಲೂಟೂತ್ ಕನೆಕ್ಟ್ ಆಗುತ್ತಾ ಅಂತ ಹತ್ತು ನಿಮಿಷ ನೋಡ್ತೀವಿ.

ಮೊದಲ ಗ್ಯಾರೇಜಿನಲ್ಲಿ ಆದ ಕತೆ ಹೊಸದಲ್ಲ. ಎಕ್ಸಲೇಟರ್ ಜೋರಾಗಿ ಒತ್ತಿದರು, ಹೊಗೆ ನೋಡಿದರು, "ಬೋರ್ ಹೋಗ್ಯಾದ, ಎಂಜಿನ್ ಇಳಸಬೇಕು" ಅಂದರು. ಎಸ್ಟಿಮೇಟ್ ಅರ್ಧ ಲಕ್ಷ. ನಮ್ಮ ಸರ್ವಿಸ್ ಸೆಂಟರಿನ "ನಾರ್ಮಲ್" ಮತ್ತು ಈ "ಎಂಜಿನ್ ಇಳಸಬೇಕು" ಎರಡೂ ಒಂದೇ ಜಾತಿಯ ಮಾತು. ಎರಡರಲ್ಲೂ ಅಳತೆ ಇಲ್ಲ.

ಎರಡನೆಯದಾಗಿ ಸಿಕ್ಕವರು ಆಳಂದದ ಒಬ್ಬ ಹಿರಿಯ ಮಿಸ್ತ್ರಿ. ಅವರು ಮೊದಲ ದಿನ ಒಂದು ಬೋಲ್ಟನ್ನೂ ಬಿಚ್ಚಲಿಲ್ಲ. ಎಂಜಿನ್ ತೊಳೆಸಿ, ಆಯಿಲ್ ಮೇಲಿನ ಗೆರೆ ತನಕ ತುಂಬಿ, ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿ ನಿಲ್ಲಿಸಿದರು. ಬೆಳಿಗ್ಗೆ ರಟ್ಟು ಒಣಗಿತ್ತು, ಸೀಲು-ಗ್ಯಾಸ್ಕೆಟ್ ಕಡೆ ಜಿಡ್ಡೂ ಇರಲಿಲ್ಲ. ಹೊರಗೆ ಸೋರುತ್ತಿಲ್ಲ ಅಂದರೆ ಒಳಗೆ ಸುಡುತ್ತಿದೆ. ಮುಂದಿನ ಪ್ರಶ್ನೆ, ಆಯಿಲ್ ಒಳಗೆ ಬರೋದು ಮೇಲಿನಿಂದಲೋ ಕೆಳಗಿನಿಂದಲೋ? ಮೇಲಿನಿಂದ ಅಂದರೆ ವಾಲ್ವ್ ಸೀಲು. ಕೆಳಗಿನಿಂದ ಅಂದರೆ ಪಿಸ್ಟನ್ ರಿಂಗು. ಮೊದಲನೆಯದು ಕೆಲವು ಸಾವಿರದ ಮಾತು, ಎರಡನೆಯದೇ ಆ ಅರ್ಧ ಲಕ್ಷ.

ಇದನ್ನು ಹೊಗೆಯೇ ಹೇಳುತ್ತೆ, ಆದರೆ ಯಾವ ಹೊತ್ತಿನ ಹೊಗೆ ಅಂತ ನೋಡಬೇಕು. ರಾತ್ರಿಯಿಡೀ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಿದಾಗ ಒಂದು ಸಲ ನೀಲಿ ಹೊಗೆ ಬಂದು ಆಮೇಲೆ ನಿಂತರೆ ಅನುಮಾನ ವಾಲ್ವ್ ಸೀಲಿನ ಮೇಲೆ. ಲೋಡಿನಲ್ಲಿ ಎಕ್ಸಲೇಟರ್ ಒತ್ತಿದಷ್ಟೂ ಬರುತ್ತಿದ್ದರೆ, ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಒಳಗಿನಿಂದ ಬುಸುಬುಸು ಗಾಳಿ ಹೊಡೆಯುತ್ತಿದ್ದರೆ, ಅನುಮಾನ ರಿಂಗಿನ ಮೇಲೆ. ಆಮೇಲೆ ಕಂಪ್ರೆಷನ್ ಗೇಜ್ ಹಾಕಿ ನೋಡಬೇಕು. ಯಾವುದಾದರೂ ಸಿಲಿಂಡರಿನಲ್ಲಿ ಒತ್ತಡ ಕಮ್ಮಿ ಇದ್ದರೆ, ಪೆಟ್ರೋಲ್ ಎಂಜಿನ್ ಆದರೆ, ಪ್ಲಗ್ ರಂಧ್ರದಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಒತ್ತಡ ಏರಿದರೆ ರಿಂಗು ಸವೆದಿದೆ. ನಮ್ಮ ಗಾಡಿಯಲ್ಲಿ ನಾಲ್ಕೂ ಸಿಲಿಂಡರು ಹೆಚ್ಚುಕಮ್ಮಿ ಒಂದೇ ತೋರಿಸಿದವು, ಎರಡು ಪ್ಲಗ್ ಆಯಿಲಿನಲ್ಲಿ ನೆಂದಿದ್ದವು, ಬೆಳಗಿನ ಹೊಗೆಯೂ ಇತ್ತು. "ಎಂಜಿನ್ ಇಳಸೋದ್ ಬ್ಯಾಡ್ರಿ, ಮೊದಲ ಸೀಲ್ ಬದಲಿ ಮಾಡ್ತೀನ್ರಿ. ಆಮ್ಯಾಲ ಸಾವಿರ ಕಿಲೋಮೀಟರ್ ಓಡ್ಸಿ, ಎಷ್ಟ್ ಹಾಕಿದ್ರಿ ಅಂತ ಬರೆದಿಟ್ಟು ತೋರಿಸ್ರಿ" ಅಂದರು. ಸಾವಿರ ಕಿ.ಮೀ. ಆದ ಮೇಲೆ ಕಮ್ಮಿಯಾಗಿದ್ದು ನೂರು ಮಿ.ಲೀ.ಗೂ ಕೆಳಗೆ.

ಅವರು ಇನ್ನೊಂದು ವಿಷಯ ತೋರಿಸಿದರು. ಏರ್ ಫಿಲ್ಟರನ್ನು ಕಂಪ್ರೆಸರ್ ಗಾಳಿ ಹೊಡೆದು ಹೊಡೆದು ಬಳಸಿ ಅದರ ಅಂಚು ಹರಿದಿತ್ತು. ಬೆಂಗಳೂರಿನಲ್ಲಿ ನನಗೆ ಉಳಿದ ದುಡ್ಡು ಅದು. ಎರೆಮಣ್ಣಿನ ನಾಡಿನಲ್ಲಿ, ತೊಗರಿ ರಾಶಿ ನಡೆಯುವ ದಿನಗಳಲ್ಲಿ ಹೊಲದ ದಾರಿ ಹಿಡಿಯುವ ಗಾಡಿಗೆ ಹರಿದ ಫಿಲ್ಟರ್ ಅಂದರೆ ಸಿಲಿಂಡರಿಗೆ ಮರಳು ಕಾಗದ ಹಚ್ಚಿದ ಹಾಗೆ. ಇವತ್ತು ಸೀಲು ಹೋಗಿದೆ ಅಷ್ಟೇ. ಇನ್ನೊಂದು ವರ್ಷ ಹಾಗೇ ಬಿಟ್ಟಿದ್ದರೆ ಬೋರ್ ನಿಜವಾಗಿಯೂ ಹೋಗುತ್ತಿತ್ತು.

ಈಗ ನಿಮ್ಮ ವಾದಕ್ಕೆ ಬರೋಣ. ಇದನ್ನು ಓದುವ ಹೊತ್ತಿಗೆ ನಿಮ್ಮಲ್ಲಿ ಅರ್ಧ ಜನ ಹೇಳ್ತಿರ್ತೀರಿ: ಸೆಕೆಂಡ್ ಹ್ಯಾಂಡ್ ಅಂದ್ರೆ ಇದ್ದ ಹಾಗೇ, ನೋಡಿ ತಗೊಳ್ಳೋದು ಅವನ ಜವಾಬ್ದಾರಿ. ಕೆಲವು ಕಂಪನಿಗಳ ಮ್ಯಾನುಯಲ್ಲೇ 1000 ಕಿ.ಮೀ.ಗೆ ಅರ್ಧ ಲೀಟರ್ ತನಕ ಸರಿ ಅನ್ನುತ್ತಲ್ಲ?

ಅನ್ನುತ್ತೆ. ಅದೇ ಮ್ಯಾನುಯಲ್ ಆಗಾಗ ಡಿಪ್‌ಸ್ಟಿಕ್ ನೋಡಿ, ಕಮ್ಮಿಯಾದರೆ ತುಂಬಿ ಅಂತಲೂ ಅನ್ನುತ್ತೆ. ಆ ಅರ್ಧ ಲೀಟರ್ ಸುಡೋದು ಗೊತ್ತಿದ್ದವನಿಗೆ ಮಾತ್ರ ಸರಿ, ಗೊತ್ತಿಲ್ಲದವನಿಗೆ ಅದು ಸೀಜ್ ಆದ ಎಂಜಿನ್.

ಕಾನೂನು ಏನನ್ನುತ್ತೆ ಅಂತ ಹುಡುಕಿದೆ, ತಪ್ಪಿಸಿಕೊಳ್ಳೋಕೆ ದಾರಿ ಸಿಗುತ್ತೇನೋ ಅಂತ. 1872ರ ಭಾರತೀಯ ಒಪ್ಪಂದ ಕಾಯ್ದೆಯ 17ನೇ ಕಲಂನಲ್ಲಿ ಒಂದು ಕುದುರೆ ಇದೆ. ಕುದುರೆಗೆ ಊನ ಇದೆ ಅಂತ ಗೊತ್ತಿದ್ದೂ ಸುಮ್ಮನೆ ಹರಾಜಿನಲ್ಲಿ ಮಾರಿದರೆ ಅದು ವಂಚನೆಯಲ್ಲ. ಓದಿ ಸಮಾಧಾನ ಆಯ್ತು. ಆದರೆ ಮುಂದಿನ ಉದಾಹರಣೆಯಲ್ಲಿ ಕೊಳ್ಳುವವಳು ಆಗಷ್ಟೇ ಪ್ರಾಯಕ್ಕೆ ಬಂದ ಸ್ವಂತ ಮಗಳು. ಆಗ ಸಂಬಂಧವೇ ಹೇಳುವ ಕರ್ತವ್ಯ ತರುತ್ತೆ. ಅದರ ಮುಂದಿನದು ಇನ್ನೂ ಚುಚ್ಚಿತು: ನೀನು ಇಲ್ಲ ಅನ್ನದಿದ್ದರೆ ಕುದುರೆ ಚೆನ್ನಾಗಿದೆ ಅಂತಲೇ ತಿಳೀತೀನಿ ಅಂತ ಕೊಳ್ಳುವವನು ಅಂದಾಗ ಸುಮ್ಮನಿದ್ದರೆ, ಆ ಮೌನವೂ ಮಾತೇ. "ನಿನ್ ಗಾಡಿ ಅಂದ್ರ ನಾ ನೋಡೋದೇನದ." ಅದೂ ಅಲ್ಲದೆ ನಾನು ಬರೀ ಸುಮ್ಮನಿರಲಿಲ್ಲ, ಬಾಟಲಿ ತೆಗೆದಿದ್ದೆ. ಗೊತ್ತಿದ್ದ ಸಂಗತಿಯನ್ನು ಬೇಕಂತಲೇ ಮುಚ್ಚಿಡೋದನ್ನ ಅದೇ ಕಲಂ ವಂಚನೆ ಅಂತಲೇ ಕರೆಯುತ್ತೆ.

ನಮ್ಮ ಎಷ್ಟೋ ಹಳೇ ಕಾರುಗಳು ಕೊನೆಗೆ ಹೋಗೋದು ನಮ್ಮದೇ ಊರುಗಳಿಗೆ. ನಾವು ಕಮ್ಮಿ ಓಡಿಸ್ತೀವಿ, ಆದ್ದರಿಂದ ಖಾಯಿಲೆ ಕಾಣಲ್ಲ. ಅವರು ಜಾಸ್ತಿ ಓಡಿಸ್ತಾರೆ, ಅದೂ ಧೂಳಿನಲ್ಲಿ, ಮೇ ತಿಂಗಳ ಬಿಸಿಲಿನಲ್ಲಿ, ಹೊಟ್ಟೆಪಾಡಿಗೆ. ನಮ್ಮ ಆಫೀಸಿನಲ್ಲಿ ಕೆಲಸ ಬಿಟ್ಟು ಹೋಗುವವನು ಒಂದು ತಿಂಗಳು ಕೂತು ಹ್ಯಾಂಡೋವರ್ ಡಾಕ್ಯುಮೆಂಟ್ ಬರೀತಾನೆ, ಗೊತ್ತಿರೋ ಬಗ್ ಎಲ್ಲ ಪಟ್ಟಿ ಮಾಡ್ತಾನೆ. ಕಾರು ಮಾರುವಾಗ ಮಾತ್ರ ಮ್ಯಾಟ್ ಬದಲಾಯಿಸ್ತೀವಿ.

ಕೊಳ್ಳುವವರಿಗೆ ಒಂದೇ ಮಾತು: ಬೆಳಿಗ್ಗೆ ಹೋಗಿ, ಹೇಳದೆ ಹೋಗಿ. ಬಾನೆಟ್ ಮೇಲೆ ಕೈಯಿಡಿ. ಬಿಸಿ ಇದ್ದರೆ ನಿಮಗಿಂತ ಮುಂಚೆ ಯಾರೋ ಸ್ಟಾರ್ಟ್ ಮಾಡಿ ಹೊಗೆ ಕಳಿಸಿಬಿಟ್ಟಿದ್ದಾರೆ. ಡಿಪ್‌ಸ್ಟಿಕ್ ಎಳೆಯಿರಿ. ಆಯಿಲ್ ಗಟ್ಟಿ ಜೇನಿನ ಥರ ಇದ್ದರೆ ಹೊಗೆ ಮುಚ್ಚೋಕೆ ದಪ್ಪ ಆಯಿಲ್ ಹಾಕಿರಬಹುದು. ಹೊಗೆ ತಪಾಸಣೆಯ ಸರ್ಟಿಫಿಕೇಟ್ ನಂಬಬೇಡಿ, ಅದು ಆಯಿಲ್ ಎಷ್ಟು ಸುಡುತ್ತೆ ಅಂತ ಅಳೆಯಲ್ಲ.

ಮಾರುವವರಿಗೂ ಒಂದೇ ಮಾತು. ಎಷ್ಟು ಕಿ.ಮೀ.ಗೆ ಎಷ್ಟು ಹಾಕಿದೆ ಅಂತ ಒಂದು ಚೀಟಿಯಲ್ಲಿ ಬರೆದು ಆರ್‌ಸಿ ಜೊತೆ ಕೊಡಿ. ರೇಟು ಹತ್ತು ಸಾವಿರ ಇಳಿಯಬಹುದು, ಇಳೀಲಿ.

ರಿಪೇರಿ ದುಡ್ಡು ನಾನು ಕಳಿಸಿದೆ. "ಯಾಕಣ್ಣ, ಗಾಡಿ ಈಗ ನಂದಲಾ" ಅಂದ. ಆಗ ಎಲ್ಲ ಹೇಳಿದೆ, ಬಾಟಲಿ ಸಮೇತ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದ: "ಆ ಬಾಟಲಿ ಅಲ್ಲೇ ಬಿಟ್ಟಿದ್ರ ಸಾಕಿತ್ತಲಾ ಅಣ್ಣಾ. ರೊಕ್ಕ ನಾ ಅಷ್ಟೇ ಕೊಡ್ತಿದ್ದೆ."